ಸಂತ ಜೋಸೆಫ್ ವಾಜರ ಜೀವನವನ್ನು ಓದುತ್ತ ಮನೆಯಲ್ಲೇ ನೊವೆನಾ ನಡೆಸುವ ಬಗೆ

ಗೋವೆಯಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ದುಡಿದು ತೀರಿಕೊಂಡ ಕಥೋಲಿಕ ಗುರು ಸಂತ ಜೋಸೆಫ್ ವಾಜರ ಹಬ್ಬ ಜನವರಿ 16ರಂದು ಬರುತ್ತದೆ. ಅದಕ್ಕೆ ಮುಂಚಿನ ಒಂಬತ್ತು ಸಂಜೆಗಳು, ಅಂದರೆ ಜನವರಿ 7ರಿಂದ 15ರವರೆಗಿನ ದಿನಗಳು, ಅವರ ನೊವೆನಾಕ್ಕೆ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಗೆ, ಸಲ್ಲುತ್ತವೆ. ಗೋವೆಯಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಅವರ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಆದರೆ ಘಟ್ಟದ ಮೇಲಿನ ಅನೇಕ ಕಥೋಲಿಕ ಮನೆಗಳಲ್ಲಿ, ಮೂರು ವರ್ಷ ನಮ್ಮದೇ ಕರಾವಳಿಯಲ್ಲಿ ದುಡಿದ ಈ ತಪಸ್ವಿಯ ಚಿತ್ರವಿರಲಿ, ಹೆಸರೂ ಪರಿಚಯವಿರುವುದಿಲ್ಲ. ಅಂಥ ಮನೆಗಳಲ್ಲಿ, ಕೈಯಲ್ಲಿ ಮುದ್ರಿತ ಪ್ರಾರ್ಥನಾ ಪುಸ್ತಿಕೆ ಇಲ್ಲದಿದ್ದರೂ, ಈ ಒಂಬತ್ತು ಸಂಜೆಗಳನ್ನು ಅರ್ಥಪೂರ್ಣವಾಗಿ ಕಳೆಯುವುದು ಹೇಗೆಂದು ತಿಳಿಸುವುದಕ್ಕಾಗಿ ಈ ಬರಹ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಂದು ಬೈಬಲ್, ಒಂದು ಜಪಸರ, ಒಂದು ನೋಟ್‌ಬುಕ್, ಒಂದು ಮೇಣದಬತ್ತಿ, ಮತ್ತು ಗೋವೆಯಿಂದ ಶ್ರೀಲಂಕಾದವರೆಗೆ ಕಾಣುವಂಥ ಒಂದು ಭೂಪಟ. ಭೂಪಟವನ್ನು ಅಲಂಕಾರಕ್ಕೆಂದು ಹೇಳುತ್ತಿಲ್ಲ. ಈ ಸಂತರ ಜೀವನವು ಬಹುಮಟ್ಟಿಗೆ ಬರಿಗಾಲಿನ ನಡಿಗೆಯಲ್ಲಿ ಕಳೆದ ಜೀವನ. ಊರುಗಳ ನಡುವಿನ ದೂರವನ್ನು ಕಣ್ಣಾರೆ ಕಾಣದೆ ಅವರ ತಪಸ್ಸಿನ ಅಂದಾಜು ಸಿಗುವುದಿಲ್ಲ. ಸಂತರ ಚಿತ್ರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಶಿಲುಬೆಯೊಂದೇ ಸಾಕು.

ಸ್ಥಳದ ವಿಷಯದಲ್ಲಿ ಒಂದು ಅನುಕೂಲವಿದೆ. ಜನವರಿ 6ರ ಸುಮಾರಿಗೆ ಮನೆಯ ಗೋದಲಿಯನ್ನು, ಅಂದರೆ ಕ್ರಿಸ್ತಜನನದ ಬೊಂಬೆಗಳ ಜೋಡಣೆಯನ್ನು, ಬಿಚ್ಚಿಡುವ ಸಮಯ ಬಂದಿರುತ್ತದೆ. ಅದೇ ಮೂಲೆಯನ್ನು ಗುಡಿಸಿ, ಅದೇ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಭೂಪಟವನ್ನು ಗೋಡೆಗೆ ಅಂಟಿಸಿದರೆ ಸಿದ್ಧತೆ ಮುಗಿಯಿತು. ಡಬ್ಬದಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳು ಇನ್ನೂ ಉಳಿದಿದ್ದರೆ ಅದನ್ನು ಮೊದಲ ದಿನವೇ ನೆರೆಮನೆಗಳಿಗೆ ಹಂಚಿಬಿಡುವುದು ಲೇಸು. ಒಂಬತ್ತು ದಿನ ಸಿಹಿಯನ್ನು ಬಿಡುತ್ತೇವೆಂದು ಸಂಕಲ್ಪ ಮಾಡಿ, ಡಬ್ಬವನ್ನು ಕಣ್ಣೆದುರಿಗೆ ಇಟ್ಟುಕೊಂಡು ಗೆದ್ದವರು ಕಡಿಮೆ.

ಸಮಯವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಟ್ಟು ಪ್ರಾರ್ಥನೆ ಅರ್ಧ ಗಂಟೆಯನ್ನು ಮೀರಬಾರದು. ಮೀರಿದರೆ ನಾಲ್ಕನೆಯ ದಿನಕ್ಕೆ ಮಕ್ಕಳು ತೂಕಡಿಸುತ್ತಾರೆ, ಆರನೆಯ ದಿನಕ್ಕೆ ಹಿರಿಯರು ನೆಪ ಹುಡುಕುತ್ತಾರೆ. ಕ್ರಮ ಸರಳವಾಗಿರಲಿ. ಶಿಲುಬೆಯ ಗುರುತಿನೊಂದಿಗೆ ಆರಂಭಿಸಿ, ಆ ದಿನಕ್ಕೆ ಆಯ್ದುಕೊಂಡ ಶ್ರೀಗ್ರಂಥದ ವಾಕ್ಯಗಳನ್ನು ಒಬ್ಬರು ಓದಬೇಕು; ಬಳಿಕ ಸಂತರ ಜೀವನದ ಒಂದು ಘಟ್ಟವನ್ನು ಇನ್ನೊಬ್ಬರು ಹತ್ತು ನಿಮಿಷ ಗಟ್ಟಿಯಾಗಿ ಓದಬೇಕು ಅಥವಾ ಹೇಳಬೇಕು; ಆಮೇಲೆ ಮೂರು ನಿಮಿಷ ಪೂರ್ಣ ಮೌನ, ಜಪಸರದ ಒಂದು ದಶಕ (ಹತ್ತು ಮಣಿಗಳ ಜಪ), ನೋಟ್‌ಬುಕ್ಕಿನಲ್ಲಿ ಬರೆದ ಬಿನ್ನಹಗಳು, ಕೊನೆಯಲ್ಲಿ ‘ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ’ ಎಂಬ ಬೇಡಿಕೆ. ಈ ಬೇಡಿಕೆಯ ಪದಗಳನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಅಗತ್ಯ. ಆರಾಧನೆ ದೇವರಿಗೊಬ್ಬರಿಗೇ ಸಲ್ಲುತ್ತದೆ. ಸಂತರಿಗೆ ನಾವು ಸಲ್ಲಿಸುವುದು ಗೌರವ, ಅವರಿಂದ ಕೇಳಿಕೊಳ್ಳುವುದು ನಮ್ಮ ಪರವಾದ ಪ್ರಾರ್ಥನೆ.

ಓದಿನ ಹಂಚಿಕೆಯಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಶ್ರೀಲಂಕಾದ ಕ್ಯಾಂಡಿಯಲ್ಲಿ ಮಳೆ ಬರಿಸಿದ ಪವಾಡದಿಂದ ಆರಂಭಿಸಿ, ಅದರ ಸುತ್ತಲೇ ಒಂಬತ್ತು ದಿನವೂ ಸುತ್ತುತ್ತಾರೆ. ಆ ಘಟನೆಯ ಹಿಂದೆ ಸೆರೆಮನೆಯಿದೆ, ಅದರ ಹಿಂದೆ ಹಸಿವು ಮತ್ತು ರಕ್ತಭೇದಿ, ಅದಕ್ಕೂ ಹಿಂದೆ ನಮ್ಮ ಕರಾವಳಿಯ ಬೇಸರದ ಜಗಳ. ಈ ಸಂತರ ವೈರಾಗ್ಯವು ಗುಹೆಯಲ್ಲಿ ಕುಳಿತು ದೇಹವನ್ನು ದಂಡಿಸಿದ ವೈರಾಗ್ಯವಲ್ಲ. ಅವರು ಬಿಟ್ಟ ಪ್ರತಿಯೊಂದು ಸುಖವೂ ಯಾರೋ ಒಬ್ಬರ ಬಳಿಗೆ ತಲುಪುವ ಸಲುವಾಗಿ ಬಿಟ್ಟದ್ದು. ಓದುವ ಕ್ರಮದಲ್ಲಿ ಈ ಎಳೆ ತುಂಡಾಗದಂತೆ ನೋಡಿಕೊಳ್ಳಬೇಕು.

ಮೊದಲ ಎರಡು ಸಂಜೆಗಳನ್ನು ಗೋವೆಗೆ ಮೀಸಲಿಡಬೇಕು. ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಸಾಲ್ಸೆಟ್ ಪ್ರದೇಶದ ಬಾಣಾವಲಿಯಲ್ಲಿ, ತಾಯಿಯ ಊರಿನಲ್ಲಿ ಹುಟ್ಟಿದರು. ತಂದೆಯ ಮನೆ ಸಾಂಕ್ವಾಳೆಯಲ್ಲಿತ್ತು. ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ವಿದ್ಯಾಲಯದಲ್ಲಿ ಕಲಿತು 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಅವರು ಪಾದರಕ್ಷೆಯನ್ನು ತೊರೆದು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರೆಂಬುದು ಅವರ ಜೀವನದ ಮೊದಲ ಗುರುತು. ಒಳ್ಳೆಯ ಬೋಧಕರೆಂದೂ ಪಾಪನಿವೇದನೆ ಕೇಳುವ ಗುರುವೆಂದೂ ಆಗಲೇ ಹೆಸರಾಗಿದ್ದವರು ಹಾಗೆ ನಡೆದುಹೋಗುತ್ತಿದ್ದರೆ ಜನ ಏನೆಂದುಕೊಂಡಿರಬಹುದೆಂಬುದನ್ನು ಮನೆಯವರೇ ಊಹಿಸಲಿ. ಈ ಸಂಜೆಗೆ ಮತ್ತಾಯನ ಶುಭಸಂದೇಶದ 10ನೆಯ ಅಧ್ಯಾಯದ 9 ಮತ್ತು 10ನೆಯ ವಚನಗಳು ಒಪ್ಪುತ್ತವೆ.

ಎರಡನೆಯ ಸಂಜೆಗೆ ಒಂದೇ ಒಂದು ದಿನಾಂಕ ಸಾಕು: 1677ರ ಆಗಸ್ಟ್ 5. ಅಂದು ಸಾಂಕ್ವಾಳೆಯಲ್ಲಿ ಅವರು ತಾವು ಮಾತೆ ಮರಿಯಳ ಆಜೀವ ದಾಸನೆಂದು ಪತ್ರ ಬರೆದುಕೊಟ್ಟರು. ಕನ್ನಡದ ಕಿವಿಗೆ ‘ದಾಸ’ ಎಂಬುದು ಭಕ್ತಿಯ ಪದ, ಬಹಳ ಪಳಗಿದ ಪದ. ಆದರೆ ಆ ಕಾಲದ ಗೋವೆಯಲ್ಲಿ ಮನುಷ್ಯರನ್ನು ನಿಜವಾಗಿಯೂ ಕೊಳ್ಳುತ್ತಿದ್ದರು, ಮಾರುತ್ತಿದ್ದರು; ದಾಸ್ಯಪತ್ರವೆಂದರೆ ಏನೆಂಬುದು ಅದನ್ನು ಕೇಳಿದವರಿಗೆಲ್ಲ ಗೊತ್ತಿತ್ತು. ಆದ್ದರಿಂದ ಅವರ ಮಾತನ್ನು ಅಲಂಕಾರವೆಂದು ಓದದೆ, ತನ್ನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟ ಕರಾರೆಂದೇ ಓದಬೇಕು. ಲೂಕನ ಶುಭಸಂದೇಶದ 1ನೆಯ ಅಧ್ಯಾಯದ 38ನೆಯ ವಚನದಲ್ಲಿ ಮರಿಯಳು ತನ್ನನ್ನು ಪ್ರಭುವಿನ ದಾಸಿಯೆಂದು ಕರೆದುಕೊಂಡದ್ದನ್ನು ಜೊತೆಗಿಟ್ಟು ಓದಿದರೆ, ದಿನವೂ ಜಪಸರದ ಒಂದು ದಶಕವನ್ನು ಏಕೆ ಸೇರಿಸಿದ್ದೇವೆಂಬುದಕ್ಕೂ ಉತ್ತರ ಸಿಗುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಸಂಜೆಗಳು ಕನ್ನಡ ಓದುಗರಿಗೆ ವಿಶೇಷವಾದವು. ಜೋಸೆಫ್ ವಾಜರಿಗೆ ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೋಗುವ ಆಸೆಯಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು ಕಥೋಲಿಕ ಗುರುಗಳು ಅಲ್ಲಿ ಕಾಲಿಡದಂತೆ ಮಾಡಿದ್ದರು; ಜನ ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಉಳಿದಿದ್ದರು. ಆದರೆ ಗೋವೆಯ ಹಿರಿಯರು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ. ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿ ಮುಂತಾದ ಕಡೆಗಳಲ್ಲಿ ಚದುರಿದ್ದ ಕ್ರೈಸ್ತರ ನಡುವೆ ಅವರು 1684ರವರೆಗೆ ಓಡಾಡಿದರು. ಭೂಪಟದ ಮೇಲೆ ಈ ಊರುಗಳಿಗೆ ಮಕ್ಕಳೇ ಗುರುತು ಹಾಕಲಿ. ಮಳೆಗಾಲದಲ್ಲಿ ಇವುಗಳ ನಡುವೆ ದಾಟಬೇಕಾದ ಹೊಳೆಗಳ ಹೆಸರುಗಳನ್ನೂ ಬರೆಯಲಿ.

ಇಲ್ಲಿ ಅವರಿಗೆ ಎದುರಾದದ್ದು ಒಂದು ಅಧಿಕಾರದ ವ್ಯಾಜ್ಯ. ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್ಲಿನ ರಾಜನಿಗೆ ‘ಪದ್ರುವಾದೊ’ ಎಂಬ ಹಳೆಯ ಪೋಷಕತ್ವದ ಹಕ್ಕು ಇತ್ತು. ಇನ್ನೊಂದು ಕಡೆ ರೋಮ್ ತನ್ನ ‘ಪ್ರೊಪಗಾಂಡಾ’ ಮಂಡಳಿಯ ಮೂಲಕ ನೇರವಾಗಿ ಧರ್ಮಾಧ್ಯಕ್ಷರನ್ನು ಕಳುಹಿಸುತ್ತಿತ್ತು. ಕೆನರಾಕ್ಕೆ ಹಾಗೆ ನೇಮಕಗೊಂಡವರು ಬಿಷಪ್ ತೋಮಸ್ ದೆ ಕಾಸ್ತ್ರೊ, ಅವರೂ ಗೋವೆಯವರೇ. ಜನರಿಗೆ ಯಾರ ಮಾತು ಕೇಳಬೇಕೆಂದು ತಿಳಿಯದಾಯಿತು. ಎದುರು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರಗಳು ಸಿಂಧುವೇ ಅಲ್ಲವೇ ಎಂಬ ಸಂಶಯ ಮನೆಮನೆಗೆ ಹಬ್ಬಿತು. ಗೋವೆಯ ಪ್ರತಿನಿಧಿಯಾಗಿ ಬಂದ ಜೋಸೆಫ್ ವಾಜರು ಆ ಬಿಷಪರನ್ನು ವಿನಯದಿಂದ ಕಂಡು ಮಾತಾಡಿ, ಜನರೆದುರು ಜಗಳ ಬೆಳೆಯದಂತೆ ಸಮಾಧಾನದ ದಾರಿ ಹುಡುಕಿದರು. ಈ ಭಾಗವನ್ನು ಒಣ ಇತಿಹಾಸವೆಂದು ಹಾರಿಸುವವರಿದ್ದಾರೆ. ನನಗಂತೂ ಅವರ ಬರಿಗಾಲಿಗಿಂತ ಇದೇ ಕಠಿಣವಾದ ತಪಸ್ಸಾಗಿ ಕಾಣುತ್ತದೆ, ಏಕೆಂದರೆ ತಮ್ಮ ಪಕ್ಷ ಗೆಲ್ಲಲೇಬೇಕೆಂಬ ಹಟವನ್ನು ಬಿಡುವುದು ಚಪ್ಪಲಿ ಬಿಟ್ಟಷ್ಟು ಸುಲಭವಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 1ನೆಯ ಅಧ್ಯಾಯದ 10ರಿಂದ 13ರವರೆಗಿನ ವಚನಗಳನ್ನು ಓದಿ, ಧರ್ಮಕೇಂದ್ರದಲ್ಲಿಯೋ ಕುಟುಂಬದಲ್ಲಿಯೋ ಮಾತು ಬಿಟ್ಟವರ ಹೆಸರನ್ನು ಮೌನದ ಹೊತ್ತಿನಲ್ಲಿ ನೆನೆಯುವುದು ಈ ಸಂಜೆಗೆ ತಕ್ಕ ಕೆಲಸ.

ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಕಥೆಯನ್ನು ನಾಲ್ಕನೆಯ ಸಂಜೆ ಹೇಳಬಹುದು. ಸಾಯುತ್ತಿರುವವರಿಗೆ ಸಂಸ್ಕಾರ ಕೊಡಬೇಕೆಂಬ ನೆಪ ಹೇಳಿ ಕೆಲವರು ಅವರನ್ನು ರಾತ್ರಿ ಹೊತ್ತು ಆ ಗುಡ್ಡಕ್ಕೆ ಕರೆಸಿಕೊಂಡು ಕೇಡು ಬಗೆದಿದ್ದರೆಂದೂ, ಅವರು ಊರುಗೋಲನ್ನು ಊರಿದ ಕಡೆ ಮೂರು ನೀರಿನ ಒರತೆಗಳು ಚಿಮ್ಮಿದವೆಂದೂ ಅಲ್ಲಿನ ಪ್ರತೀತಿ. ಇದನ್ನು ಜನರ ಬಾಯಲ್ಲಿ ಉಳಿದುಬಂದ ಕಥನವೆಂದೇ ಹೇಳಬೇಕು. ದಾಖಲೆಯ ಸಂಗತಿಗಳ ಜೊತೆ ಬೆರೆಸಬಾರದು. ಹಾಗೆ ಹೇಳಿದರೆ ಕಥೆಯ ಬೆಲೆ ಕುಗ್ಗುವುದಿಲ್ಲ: ಮೋಸವಿರಬಹುದೆಂದು ಗೊತ್ತಿದ್ದರೂ ಸಾಯುವವರ ಕರೆಗೆ ಗುರುವಾದವನು ಹೋಗಲೇಬೇಕಲ್ಲವೇ ಎಂಬ ಪ್ರಶ್ನೆ ಅದರೊಳಗಿದೆ, ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ಸಾಧ್ಯವಿದ್ದವರು ಈ ದಿನಗಳಲ್ಲಿ ಒಮ್ಮೆ ಮುಡಿಪಿನ ಪುಣ್ಯಕ್ಷೇತ್ರಕ್ಕೆ ಹೋಗಿಬರಬಹುದು. ಹೋಗುವವರು ಬಲಿಪೂಜೆಯ ಸಮಯವನ್ನು ಮೊದಲೇ ವಿಚಾರಿಸಿಕೊಂಡು, ಗುಡ್ಡ ಹತ್ತುವ ಕೊನೆಯ ಭಾಗವನ್ನಾದರೂ ವಾಹನ ಬಿಟ್ಟು ಜಪಸರ ಹೇಳುತ್ತ ನಡೆಯುವುದು ಒಳ್ಳೆಯದು. ಒರತೆಯ ನೀರನ್ನು ಮನೆಗೆ ತಂದರೆ ಭಕ್ತಿಯಿಂದ ಬಳಸಿ, ಔಷಧವನ್ನು ಮಾತ್ರ ನಿಲ್ಲಿಸಬೇಡಿ.

ಉಪವಾಸ ಮತ್ತು ವಿರತಿಯ ವಿಷಯವನ್ನು ಇಷ್ಟು ಹೊತ್ತಿಗೆ ಮನೆಯವರು ಕೇಳಿಯೇ ಇರುತ್ತಾರೆ. ಈ ಒಂಬತ್ತು ದಿನಗಳಲ್ಲಿ ಧರ್ಮಸಭೆಯ ನಿಯಮವಾಗಿ ಯಾವ ಉಪವಾಸವೂ ಕಡ್ಡಾಯವಲ್ಲ. ತಪಸ್ಸುಕಾಲದ ಉಪವಾಸದ ಅಳತೆ, ಅಂದರೆ ಒಂದು ಪೂರ್ತಿ ಊಟ ಮತ್ತು ಎರಡು ಹೊತ್ತು ಅಲ್ಪಾಹಾರ, ಬೇಕಾದವರಿಗೆ ಮಾದರಿಯಾಗಬಹುದು. ಆ ನಿಯಮವೂ 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ದಿನವಿಡೀ ಮೈಮುರಿದು ದುಡಿಯುವವರು ಊಟ ಬಿಡುವ ಬದಲು ಬೇರೇನನ್ನಾದರೂ ಆರಿಸಿಕೊಳ್ಳಬೇಕು. ಆಯ್ಕೆಗೆ ಒಂದೇ ಪರೀಕ್ಷೆ: ನೀವು ಬಿಟ್ಟದ್ದು ಯಾರಿಗೆ ತಲುಪಿತು? ಕಾಫಿ ಬಿಟ್ಟರೆ ಅದರ ಹಣ ಒಂದು ಡಬ್ಬಿಗೆ ಬೀಳಲಿ. ಸಂಜೆಯ ಮೊಬೈಲ್ ಬಿಟ್ಟರೆ ಆ ಹೊತ್ತು ಮನೆಯ ಅಜ್ಜಿಗೆ ಸಿಗಲಿ. ಮೈಯನ್ನು ನೋಯಿಸಿಕೊಳ್ಳುವ ಯಾವ ಹರಕೆಯನ್ನೂ ಗುರುಗಳನ್ನು ಕೇಳದೆ ಹೊರಬೇಡಿ. ಬರಿಗಾಲಿನಲ್ಲಿ ನಡೆಯಬೇಕೆನ್ನುವ ಯುವಕರಿಗೆ ಮನೆಯಿಂದ ದೇವಾಲಯದವರೆಗಿನ ದೂರ ಸಾಕು, ಹೆದ್ದಾರಿ ಬೇಡ.

ಐದನೆಯ ಸಂಜೆ ಬೇಗ ಮುಗಿಯುತ್ತದೆ. ಗೋವೆಗೆ ಮರಳಿದ ಅವರು 1685ರಲ್ಲಿ, ಹಳೇ ಗೋವೆಯ ಪವಾಡಗಳ ಶಿಲುಬೆಯ ಇಗರ್ಜಿಯ ಬಳಿ ಒಟ್ಟಾಗಿ ಬಾಳತೊಡಗಿದ್ದ ಸ್ಥಳೀಯ ಗುರುಗಳನ್ನು ಸೇರಿ, ಅವರ ಮುಖ್ಯಸ್ಥರಾಗಿ ಆ ಗುಂಪಿಗೆ ಸಂತ ಫಿಲಿಪ್ ನೇರಿಯವರ ಒರೇಟರಿಯ, ಅಂದರೆ ಒಟ್ಟಾಗಿ ಬಾಳುವ ಗುರುಗಳ ಸಂಘದ, ರೂಪ ಕೊಟ್ಟರು. ಯೂರೋಪಿನ ಸಂಘಗಳು ಭಾರತೀಯರನ್ನು ಸೇರಿಸಿಕೊಳ್ಳಲು ಒಲ್ಲದಿದ್ದ ಕಾಲದಲ್ಲಿ ಇದೊಂದು ಸಣ್ಣ ಸಂಗತಿಯಲ್ಲ. ಮರುವರ್ಷವೇ, 1686ರಲ್ಲಿ, ಆ ಪದವಿಯನ್ನು ಬಿಟ್ಟು ಜಾನ್ ಎಂಬ ಸೇವಕನೊಡನೆ ಅವರು ದಕ್ಷಿಣಕ್ಕೆ ಹೊರಟರು. ಆದಿಕಾಂಡದ 12ನೆಯ ಅಧ್ಯಾಯದ ಮೊದಲ ವಚನವನ್ನು ಓದಿ, ಭೂಪಟದಲ್ಲಿ ಗೋವೆಯಿಂದ ಮಲಬಾರಿನ ಮೂಲಕ ತೂತ್ತುಕುಡಿಯವರೆಗೆ ಗೆರೆ ಎಳೆಯಿರಿ.

ಆರನೆಯ ಸಂಜೆಯ ಊಟಕ್ಕೆ ಗಂಜಿ, ಚಟ್ನಿ ಮಾಡಿದರೆ ಓದಿಗೆ ಅದೇ ಪೀಠಿಕೆಯಾಗುತ್ತದೆ. 1687ರಲ್ಲಿ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿದ ಜೋಸೆಫ್ ವಾಜರು ರಕ್ತಭೇದಿಯಿಂದ ನೆಲ ಹಿಡಿದರು. ದಯೆಯುಳ್ಳವರು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಪತ್ತೆ ಮಾಡುವುದು ಹೇಗೆ? ಬಾಯಿ ಬಿಟ್ಟು ಕೇಳಿದರೆ ಡಚ್ಚರ ಕಿವಿಗೆ ಬೀಳುತ್ತಿತ್ತು. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಮುಖ ಅರಳುತ್ತದೋ ಅವರು ನಮ್ಮವರು ಎಂಬುದು ಲೆಕ್ಕ. ಹಾಗೆ ಸಿಕ್ಕವರ ಮೂಲಕ ಸಿಲ್ಲಾಲೈ ಎಂಬ ಹಳ್ಳಿ ಸೇರಿ, ರಾತ್ರಿ ಹೊತ್ತು ಬಲಿಪೂಜೆ ಅರ್ಪಿಸುತ್ತ, ಹಗಲು ಅಡಗಿರುತ್ತ ಕೆಲಸ ನಡೆಸಿದರು. ಈ ಸಂಜೆ ಜಪಸರವನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸುತ್ತ ಒಂದೊಂದು ‘ನಮೋ ಮರಿಯಾ’ ಹೇಳುವುದು ಚೆನ್ನ; ಜಪಸರದ ಮಣಿಗಳು ಅದನ್ನು ಜಪಿಸುವವರನ್ನು ಒಬ್ಬರಿಗೊಬ್ಬರು ಪರಿಚಯಿಸಿದ ಕಥೆಗೆ ಅದು ಒಪ್ಪುತ್ತದೆ.

ಏಳನೆಯ ಸಂಜೆ ಕ್ಯಾಂಡಿಗೆ. ಜಾಫ್ನಾದಲ್ಲಿ ಡಚ್ಚರ ಹಿಂಸೆ ಹೆಚ್ಚಾದಾಗ ಅವರು 1690ರಲ್ಲಿ ಪುತ್ತಲಂಗೂ ಅಲ್ಲಿಂದ 1692ರಲ್ಲಿ ಸಿಂಹಳ ರಾಜನ ರಾಜಧಾನಿಯಾದ ಕ್ಯಾಂಡಿಗೂ ಹೋದರು. ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು, ಅಲ್ಲೇ ಒಂದು ಗುಡಿಸಲಿನಂಥ ಪ್ರಾರ್ಥನಾಲಯ ಕಟ್ಟಿಕೊಂಡರು. ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿ ಪೌಲ ಮತ್ತು ಸೀಲ ನಡುರಾತ್ರಿ ಹಾಡುವ ಭಾಗವನ್ನು ಓದಬಹುದು. ಊರು ಬಿಟ್ಟು ಬಂದು ಬೇರೆ ಭಾಷೆಯ ನಾಡಿನಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ ಈ ಸಂಜೆಗೊಂದು ಸಣ್ಣ ಕೆಲಸವಿದೆ: ಆ ಊರಿನ ಭಾಷೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಕಲಿತು ಹೇಳುವುದು.

ಎಂಟನೆಯ ಸಂಜೆ ಮಳೆ ಮತ್ತು ಸಿಡುಬು ಎರಡನ್ನೂ ಒಟ್ಟಿಗೆ ಓದಬೇಕು. ಬೇರೆ ಬೇರೆ ಮಾಡಬಾರದು. ಬರಗಾಲ ಬಂದು ಬೇರೆಲ್ಲ ಪ್ರಾರ್ಥನೆಗಳು ಫಲಿಸದಿದ್ದಾಗ ರಾಜ ಇವರನ್ನು ಕೇಳಿದನೆಂದೂ, ಬಯಲಿನಲ್ಲಿ ಬಲಿಪೀಠವಿಟ್ಟು ಶಿಲುಬೆಯ ಮುಂದೆ ಪ್ರಾರ್ಥಿಸಿದಾಗ ಧಾರಾಳ ಮಳೆ ಸುರಿದು ಅವರೂ ಬಲಿಪೀಠವೂ ಮಾತ್ರ ಒದ್ದೆಯಾಗಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅದಾದ ಮೇಲೆ ರಾಜನ ಆಶ್ರಯದಲ್ಲಿ ನಿರ್ಭಯವಾಗಿ ಬೋಧಿಸಲು ಅವಕಾಶವಾಯಿತು. ಯಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ಎಲೀಯನ ಮಳೆಯ ಪ್ರಸ್ತಾಪವಿದೆ, ಅದನ್ನು ಇಲ್ಲಿ ಓದಿ. ಆಮೇಲೆ ನಿಲ್ಲಿಸದೆ 1697ಕ್ಕೆ ಬನ್ನಿ. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜ ನಗರ ಬಿಟ್ಟ, ಮನೆಯವರು ರೋಗಿಗಳನ್ನು ಬಿಟ್ಟರು. ಜೋಸೆಫ್ ವಾಜರೂ ಅವರ ಸಂಬಂಧಿಯಾದ ಫಾದರ್ ಜೋಸೆಫ್ ಕರ್ವಾಲೊ ಅವರೂ ಉಳಿದು, ರೋಗಿಗಳ ಧರ್ಮ ಯಾವುದೆಂದು ಕೇಳದೆ ಉಣಿಸಿದರು, ತೊಳೆದರು, ಸತ್ತವರನ್ನು ಹೂಳಿದರು. ಬೌದ್ಧ ರಾಜನ ನಾಡಿನಲ್ಲಿ ಅವರ ಮೇಲೆ ವಿಶ್ವಾಸ ಗಟ್ಟಿಯಾದದ್ದು ಈ ಕೆಲಸದಿಂದ. ಮಳೆಯ ಕಥೆಯನ್ನು ಕೇಳಿ ಕಣ್ಣರಳಿಸಿದ ಮಕ್ಕಳು ಕೀವು ತೊಳೆದ ಕಥೆಗೆ ಮುಖ ಸಿಂಡರಿಸಿದರೆ ಗದರಿಸಬೇಡಿ, ಹಿರಿಯರ ಒಳಮನಸ್ಸೂ ಅದನ್ನೇ ಮಾಡುತ್ತಿರುತ್ತದೆ. ಈ ಒಂಬತ್ತು ದಿನಗಳಲ್ಲಿ ಹಾಸಿಗೆ ಹಿಡಿದ ಒಬ್ಬರನ್ನು ಕಂಡು, ಹಣ್ಣು ಇಟ್ಟು ಬರುವುದಕ್ಕಷ್ಟೇ ನಿಲ್ಲದೆ, ಅವರನ್ನು ನೋಡಿಕೊಳ್ಳುತ್ತಿರುವವರಿಗೆ ಒಂದು ಮಧ್ಯಾಹ್ನದ ಬಿಡುವು ಕೊಟ್ಟು ಬರುವುದನ್ನು ನಾನು ಈ ನೊವೆನಾದ ಮುಖ್ಯ ಭಾಗವೆಂದೇ ಎಣಿಸುತ್ತೇನೆ. ಅದಕ್ಕೆ ಎಂಟನೆಯ ದಿನವನ್ನೇ ಕಾಯಬೇಕಾಗಿಲ್ಲ.

ಒಂಬತ್ತನೆಯ ಸಂಜೆ ಕೊನೆಯ ವರ್ಷಗಳದು. ಗೋವೆಯಿಂದ ಇನ್ನಷ್ಟು ಒರೇಟರಿಯ ಗುರುಗಳು ಬಂದರು; ಅವರಲ್ಲಿ 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಬೆಳೆಸಿದರು. ಧರ್ಮಾಧ್ಯಕ್ಷರಾಗುವ ಅವಕಾಶ ಬಂದಾಗ ಜೋಸೆಫ್ ವಾಜರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಬದುಕಿನಲ್ಲಿ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಕಷ್ಟವೆಂಬುದು ಅವರು ಸುತ್ತಲಿದ್ದವರಿಗೆ ಹೇಳಿದ ಕೊನೆಯ ಬುದ್ಧಿಮಾತೆಂದು ಉಳಿದಿದೆ. ಅವರ ಸಮಾಧಿಯ ಜಾಗ ಕಾಲಕ್ರಮದಲ್ಲಿ ಗುರುತು ಸಿಗದಂತಾಯಿತು. ಎರಡನೆಯ ಜಾನ್ ಪೌಲ್ 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಫ್ರಾನ್ಸಿಸ್ ಪೋಪರು 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದ್ದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ, ಅಂದರೆ ಡಚ್ಚರು ಅವರಿಗೆ ಬಾಗಿಲು ಮುಚ್ಚಿದ್ದ ನಗರದಲ್ಲೇ. ಈ ಸಂಜೆ ಯೊವಾನ್ನನ ಶುಭಸಂದೇಶದ 12ನೆಯ ಅಧ್ಯಾಯದ 24ನೆಯ ವಚನ ಸಾಕು, ವಿವರಣೆ ಬೇಡ. ಸಂಕ್ರಾಂತಿಯ ಓಡಾಟದಲ್ಲಿ ಈ ಕೊನೆಯ ಎರಡು ಸಂಜೆಗಳು ತಪ್ಪಿಹೋಗುವ ಸಂಭವ ಹೆಚ್ಚು; ನೆಂಟರು ಬಂದಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಎರಡನ್ನೂ ಓದಿದರಾಯಿತು. ಎಲ್ಲವೂ ವ್ಯರ್ಥವಾಯಿತೆಂಬ ಭಯವಾಗಲಿ, ಇಂತಿಷ್ಟು ಜನರಿಗೆ ಕಳುಹಿಸದಿದ್ದರೆ ಕೇಡಾಗುತ್ತದೆಂದು ಮೊಬೈಲಿಗೆ ಬರುವ ಸಂದೇಶಗಳಾಗಲಿ ಭಕ್ತಿಗೆ ಸೇರಿದವಲ್ಲ.

ಹಬ್ಬದ ದಿನ ಸಾಧ್ಯವಾದರೆ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಭಾಗವಹಿಸಿ, ಪರಮಪ್ರಸಾದ ಸ್ವೀಕರಿಸಿ. ಡಬ್ಬಿಯಲ್ಲಿ ಕೂಡಿದ ಹಣವನ್ನು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕುವುದಕ್ಕಿಂತ, ಔಷಧಿಯ ಖರ್ಚಿಗೆ ಕಷ್ಟಪಡುತ್ತಿರುವ ಒಂದು ಮನೆಗೆ, ಕೊಟ್ಟವರು ಯಾರೆಂದು ತಿಳಿಯದಂತೆ, ಗುರುಗಳ ಮೂಲಕ ತಲುಪಿಸುವುದು ಈ ಸಂತರಿಗೆ ಹೆಚ್ಚು ಒಪ್ಪುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದ ಬಿನ್ನಹಗಳ ಮುಂದೆ ನೆರವೇರಿತು, ನೆರವೇರಲಿಲ್ಲ ಎಂದು ಲೆಕ್ಕ ಹಾಕದೆ, ಅವನ್ನು ಹಾಗೆಯೇ ಬಿಟ್ಟು, ಭೂಪಟವನ್ನು ಮಡಚಿ ನೋಟ್‌ಬುಕ್ಕಿನೊಳಗಿಟ್ಟು, ಎರಡನ್ನೂ ಗೋದಲಿಯ ಬೊಂಬೆಗಳ ಪೆಟ್ಟಿಗೆಯಲ್ಲೇ ಇಟ್ಟುಬಿಡಿ. ಡಿಸೆಂಬರಿನಲ್ಲಿ ಪೆಟ್ಟಿಗೆ ತೆಗೆದಾಗ ಕುರಿಗಳ, ಕುರುಬರ ನಡುವೆ ಅವು ತಾವಾಗಿಯೇ ಕೈಗೆ ಸಿಗುತ್ತವೆ.